ಮೋಟು ಬಾಲದ ಕ್ಯಾಪ್ಟನ್

ನಾಯಿಯ ಮುಂಗಾಲು ಹಿಡಿದುಕೊಂಡಿದ್ದವಳು ನೀನೇ ಎಂದು ಆಪಾ ಈಗಲೂ ಹೇಳುತ್ತಾಳೆ. ನನ್ನ ನೆನಪಿನಲ್ಲಿ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ, ಕೈತುಂಬ ಬೆಳ್ಳುಳ್ಳಿ ಸಿಪ್ಪೆ, ಹಿತ್ತಿಲಲ್ಲಿ ಅಬ್ಬಾ ಬಗ್ಗಿದ್ದಾರೆ, ಅವರ ಬೆನ್ನು ಮಾತ್ರ ಕಾಣುತ್ತಿದೆ. ನನ್ನ ಅಕ್ಕ ಸುಳ್ಳು ಹೇಳುವವಳಲ್ಲ. ನಾನೂ ಇದರಲ್ಲಿ ಸುಳ್ಳು ಹೇಳುತ್ತಿಲ್ಲ. ಆದರೆ ನನ್ನ ಅಂಗೈಗಳು ಬೇರೆಯೇ ಒಂದನ್ನು ಇಟ್ಟುಕೊಂಡಿವೆ: ನಾಲ್ಕು ತಿಂಗಳ ಮರಿಯ ಹೊಟ್ಟೆಯ ಬಿಸಿ, ತೆಳು ಚರ್ಮದ ಅಡಿಯಲ್ಲಿ ಓಡುವ ಎದೆಬಡಿತ. ಬಾಗಿಲಲ್ಲಿ ನಿಂತವಳಿಗೆ ಅದು ಗೊತ್ತಾಗುವುದು ಹೇಗೆ? ಹಾಗಾಗಿ ಹಿಡಿದುಕೊಂಡಿದ್ದೆ ಎಂದೇ ಬರೆಯುತ್ತೇನೆ. ಬಾಗಿಲಲ್ಲಿ ನಿಂತ ಆ ಹುಡುಗಿಯನ್ನು ಆಮೇಲೆ ಯಾವಾಗಲೋ ನಾನೇ ತಯಾರಿಸಿಕೊಂಡಿರಬೇಕು.

ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಗೆ ಉದ್ದವಿತ್ತು, ಅಗಲವಿರಲಿಲ್ಲ. ರಸ್ತೆಗೆ ಮುಖಮಾಡಿ ಅಬ್ಬಾನ ಸೈಕಲ್ ಅಂಗಡಿ. ಅದರ ಹಿಂದೆ ನಾವು ಐದೂ ಜನ ಮಲಗುವ ಒಂದೇ ಕೋಣೆ. ಅದರ ಹಿಂದೆ ಅಡುಗೆಮನೆ. ಕೊನೆಗೆ ಬಚ್ಚಲು, ಒಗೆಯುವ ಕಲ್ಲು, ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕುವ ತಂತಿ ಇದ್ದ ಹಿತ್ತಿಲು. ಹಗಲಲ್ಲಿ ಯಾವ ಬಾಗಿಲನ್ನೂ ಮುಚ್ಚುತ್ತಿರಲಿಲ್ಲವಾದ್ದರಿಂದ ಅಂಗಡಿಯ ಮಾತು ಒಲೆಯವರೆಗೆ, ಒಲೆಯ ಮಾತು ಅಂಗಡಿಯವರೆಗೆ ಬರುತ್ತಿತ್ತು. ಅಮ್ಮಿ ಮಾಡುತ್ತಿದ್ದ ದಾಲ್ಚಾದಲ್ಲಿ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಇರುತ್ತಿತ್ತು ಎಂದರೆ ಆಪಾ ಒಪ್ಪುವುದಿಲ್ಲ; ಆದರೆ ಗಿರಾಕಿಗಳು ‘ಏನ್ ಸಾಬ್ರೇ, ಇವತ್ತು ಟ್ಯೂಬಿಗೆ ಒಗ್ಗರಣೆ ಹಾಕ್ತಿದ್ದೀರಾ?’ ಎಂದು ಕೇಳುತ್ತಿದ್ದುದು ನಿಜ. ಕೋಣೆಯ ಮೂಲೆಯಲ್ಲಿ ಒಂದು ಟ್ರಂಕು, ಅದರ ಮೇಲೆ ದಾದಿಯ ನಮಾಜಿನ ಬಿಳಿ ದುಪ್ಪಟ್ಟಾ. ದಾದಿ ಅಂದರೆ ಅಬ್ಬಾನ ತಾಯಿ. ಅಂಗಡಿಗೆ ಅಬ್ಬಾ ಯಜಮಾನರಾದರೆ ಹಿತ್ತಿಲಿನ ತಂತಿಗೆ ದಾದಿ ಯಜಮಾನಿ: ಅದರ ಬಲಗಡೆಯ ಅರ್ಧದಲ್ಲಿ ಅವರ ಬಿಳಿಬಟ್ಟೆ ಬಿಟ್ಟು ಬೇರೇನೂ ಒಣಗುವಂತಿರಲಿಲ್ಲ. ಮನೆಯೊಳಗೆ ನಾವು ಆಡುತ್ತಿದ್ದುದು ದಖನಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ದಾದಿ ಸ್ವಲ್ಪ ಮೆತ್ತಗಾಗುತ್ತಿದ್ದಾರೆ, ಓದುವವರು ಒಂದಿಷ್ಟು ಖಾರ ಸೇರಿಸಿಕೊಳ್ಳಬೇಕು.

ಅಂಗಡಿಯ ಮುಂದೆ ನಿಲ್ಲಿಸಿದ ಸೈಕಲ್ಲುಗಳಿಂದ ಬೆಲ್ಲು, ಡೈನಮೋ ಲೈಟು ಕಾಣೆಯಾಗತೊಡಗಿದಾಗ ಅಬ್ಬಾ ನಾಯಿ ತಂದರು. ಕಾರ್ಖಾನೆಯ ಅಧಿಕಾರಿಯೊಬ್ಬರ ಬಂಗಲೆಗೆ ಅವರು ಸೈಕಲ್ ರಿಪೇರಿಗೆ ಹೋಗುತ್ತಿದ್ದರು. ಅಲ್ಲಿ ಎರಡು ಜಾತಿ ನಾಯಿಗಳಿದ್ದವು. ಎರಡಕ್ಕೂ ಬಾಲದ ಜಾಗದಲ್ಲಿ ಹೆಬ್ಬೆಟ್ಟಿನಷ್ಟು ಮೋಟು. ಹೆಣ್ಣುನಾಯಿ ಬೇಲಿ ಹಾರಿ ಹೋಗಿ ಬೀದಿನಾಯಿಯಿಂದ ಮರಿ ಹಾಕಿತ್ತು. ಮನೆತನಕ್ಕೆ ಸೇರದ ಆ ಮರಿಗಳ ಬಾಲ ಕತ್ತರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ, ಅವನ್ನು ಇಟ್ಟುಕೊಳ್ಳುವವರೂ ಇರಲಿಲ್ಲ. ಅಬ್ಬಾ ಒಂದನ್ನು ಸಾಮಾನಿನ ಚೀಲದಲ್ಲಿ ಹಾಕಿಕೊಂಡು ಬಂದು ಕ್ಯಾಪ್ಟನ್ ಎಂದು ಹೆಸರಿಟ್ಟರು. ತಾಯಿಯ ಕಪ್ಪು ಮೈ, ತಂದೆಯ ಬಾಲ. ಆ ಬಾಲ ಮರಿಗಿಂತ ದೊಡ್ಡದಾಗಿತ್ತು ಎಂದು ನೆನಪು ಹೇಳುತ್ತದೆ. ಇರಲಾರದು.

“ನಾಯಿ ಇರೋ ಮನೆಗೆ ಫರಿಶ್ತೆಗಳು ಬರಲ್ಲ,” ದಾದಿ ಅಂದರು. ಫರಿಶ್ತೆ ಅಂದರೆ ದೇವದೂತರು.

“ಕಳ್ಳರೂ ಬರಲ್ಲ ಅಮ್ಮಾ.”

ಜಗಳ ಮಸೀದಿಯ ಹಜರತ್‌ ತನಕ ಹೋಯಿತು. ಕಾವಲಿಗೆ ಸಾಕಬಹುದು, ಒಳಗೆ ಬಿಡಬೇಡಿ, ನಮಾಜಿನ ಬಟ್ಟೆಗೆ ಏನಾದರೂ ತಾಗಿದರೆ ಒಗೆದುಕೊಳ್ಳಿ ಎಂದಷ್ಟೇ ಅವರು ಹೇಳಿ ಕಳಿಸಿದರು.

“ಒಗೆಯೋದು ಹಜರತ್ತಾ, ನಾನಾ?” ದಾದಿ ಕೇಳಿದರು.

ಮರಿ ಒಗೆಯುವ ಕಲ್ಲಿನ ಪಕ್ಕದ ತೇವದಲ್ಲಿ ಮಲಗುತ್ತಿತ್ತು. ಯಾರಾದರೂ ಹಿತ್ತಿಲಿಗೆ ಬಂದರೆ ಸಾಕು, ಎದ್ದು ಮೈಯೆಲ್ಲ ಬಾಲವಾಗಿ ಕುಣಿಯುತ್ತಿತ್ತು, ಆ ಒದ್ದೆ ಬಾಲ ಜೋತಾಡುವ ಬಿಳಿ ದುಪ್ಪಟ್ಟಾಕ್ಕೆ ರಪರಪ ಹೊಡೆಯುತ್ತಿತ್ತು. ಒಂದೇ ದುಪ್ಪಟ್ಟಾವನ್ನು ಮೂರು ಸಲ ಒಗೆದ ದಿನ ದಾದಿ ಅಂಗಡಿಯ ಬಾಗಿಲಿಗೇ ಬಂದು, ಗಿರಾಕಿಗಳ ಮುಂದೆಯೇ ಕೇಳಿದರು.

“ಇವತ್ತು ಹೇಳಿಬಿಡು. ಈ ಮನೆಯಲ್ಲಿ ಅದರ ಬಾಲ ಇರಬೇಕಾ, ನಾನಿರಬೇಕಾ?”

ತಂತಿಯನ್ನು ಒಂದು ಮೊಳ ಮೇಲೆ ಕಟ್ಟಿದ್ದರೆ ಆಗುತ್ತಿತ್ತು. ದಾದಿಗೆ ಎಟುಕುತ್ತಿರಲಿಲ್ಲ, ನಿಜ. ಆದರೆ ಆಪಾ ಇದ್ದಳು, ಸ್ಟೂಲಿನ ಮೇಲೆ ಹತ್ತಿದರೆ ನಾನೂ ಇದ್ದೆ. ಐದು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಈಗ ಇದನ್ನು ಬರೆಯುತ್ತಿರುವಾಗಲೇ ನನಗೆ ಹೊಳೆದದ್ದು. ಅಬ್ಬಾನ ಪಾಲಿಗೆ ಜಗತ್ತಿನ ಯಾವ ತೊಂದರೆಗೂ ಸೈಕಲ್ಲಿನಲ್ಲಿ ಒಂದು ಭಾಗ ಇರುತ್ತಿತ್ತು. ಅಮ್ಮಿಯ ರುಬ್ಬುಗುಂಡಿನ ಹಿಡಿಗೆ ಹ್ಯಾಂಡಲಿನ ರಬ್ಬರ್ ಗ್ರಿಪ್ಪು, ಕಿಟಕಿಗೆ ಸ್ಪೋಕಿನ ಸರಳು, ನನ್ನ ಸ್ಲೇಟಿನ ಚೌಕಟ್ಟಿಗೆ ಟೈರಿನ ಪಟ್ಟಿ. ಬಾಲಕ್ಕೆ ಅವರು ಆರಿಸಿದ್ದು ಹಳೆಯ ಟ್ಯೂಬು.

“ಬಂಗಲೆಯವರು ಸುಮ್ಸುಮ್ನೆ ತೆಗೆಸ್ತಾರಾ? ಬಾಲ ಹೋದ್ರೆ ನಾಯಿಗೆ ಧೈರ್ಯ ಬರುತ್ತೆ. ರಕ್ತ ಇಲ್ಲ, ನೋವಿಲ್ಲ. ಬಿಗಿಯಾಗಿ ಕಟ್ಟಿದ್ರೆ ತಾನಾಗೇ ಉದುರುತ್ತೆ, ಮಗುವಿನ ಹೊಕ್ಕುಳಬಳ್ಳಿ ಥರ.”

ಟ್ಯೂಬಿನಿಂದ ಬಳೆಯಂಥ ಒಂದು ಪಟ್ಟಿ ಕತ್ತರಿಸಿ, ಎಳೆದು, ಬಾಲದ ಬುಡಕ್ಕೆ ಎರಡು ಸುತ್ತು ಹಾಕಿದರು. ಮೊದಲು ಮರಿ ಅಳಲಿಲ್ಲ. ತನ್ನ ಹಿಂದೆ ಯಾರು ನಿಂತಿದ್ದಾರೆ ಎಂಬಂತೆ ತಿರುಗಿ ನೋಡಿತು. ಆಮೇಲೆ ಎರಡು ದಿನ ಅತ್ತಿತು. ಮೂರನೆಯ ದಿನ ಸುಮ್ಮನಾಯಿತು, ಅಬ್ಬಾ ‘ನೋಡಿದ್ರಾ’ ಅಂದರು; ಅದು ಸುಮ್ಮನಾಗಿದ್ದು ಬಾಯಲ್ಲಿ ಬಾಲ ಇದ್ದುದರಿಂದ. ಐದನೆಯ ದಿನ ಹಿತ್ತಿಲಿನ ವಾಸನೆ ಅಡುಗೆಮನೆ ದಾಟಿ ಊಟದ ಚಾಪೆಯವರೆಗೆ ಬಂತು.

“ಅದಕ್ಕೂ ಒಂದು ಜೀವ ಇದೆ ಜೀ,” ಅಮ್ಮಿ ಅಂದಳು.

“ನನಗೆ ಗೊತ್ತಿಲ್ವಾ?” ಅಬ್ಬಾ ಅರ್ಧ ಊಟಕ್ಕೆ ಎದ್ದರು.

ಮರಿಯನ್ನು ಗೋಣಿಯಲ್ಲಿ ಸುತ್ತಿ ದನದ ಡಾಕ್ಟರ ಹತ್ತಿರ ಹೋದೆವು; ಕ್ಯಾರಿಯರಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ನಾನು. ಡಾಕ್ಟರು ಗೋಣಿ ಬಿಚ್ಚಿ ನೋಡಿ ಅಬ್ಬಾನ ಮುಖ ನೋಡಿದರು.

“ಬಂಗಲೆಯವರು ತೆಗೆಸೋದು ಮರಿ ಕಣ್ಣು ಬಿಡೋಕೆ ಮುಂಚೆ. ಅದೂ ಯಾಕೆ ತೆಗೆಸ್ತಾರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನೀವು ಮೂಳೆ ಬಲಿತ ಮೇಲೆ ಟ್ಯೂಬ್ ಕಟ್ಟಿದ್ದೀರಲ್ರೀ ಸಾಬ್ರೇ. ಏನು, ಪಂಕ್ಚರ್ ಆಗಿತ್ತಾ ಅದು?”

ಅಬ್ಬಾ ನಗಲಿಲ್ಲ. ಡಾಕ್ಟರು ಉಳಿದದ್ದನ್ನು ಕತ್ತರಿಸಿ ಹೊಲಿಗೆ ಹಾಕಿದರು. ಹೊರಡುವಾಗ ಹೇಳಿದರು, “ಗಾಯ ವಾಸಿಯಾದರೂ ತುದಿ ನೋಯ್ತಿರುತ್ತೆ. ಕೆಲವಕ್ಕೆ ಸಾಯೋ ತನಕ. ಅಲ್ಲಿ ಮುಟ್ಟಬೇಡಿ.” ನಾನು ಅಲ್ಲೇ ಇದ್ದೆ. ಕೇಳಿಸಿಕೊಂಡೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಗಾಯ ಮಾಯಿತು, ಕೂದಲು ಬಂತು, ಬಂಗಲೆಯ ನಾಯಿಗಳಂತೆಯೇ ಹೆಬ್ಬೆಟ್ಟಿನಷ್ಟು ಮೋಟು ಉಳಿಯಿತು. ಆದರೆ ಕ್ಯಾಪ್ಟನ್ ನೆಟ್ಟಗೆ ಕೂರುವುದನ್ನು ಬಿಟ್ಟ. ಒಂದು ಪಕ್ಕಕ್ಕೆ ವಾಲಿ, ಹಿಂಗಾಲು ಚಾಚಿ ಕೂರುತ್ತಿದ್ದ. ಇದ್ದಕ್ಕಿದ್ದಂತೆ ಎದ್ದು ತನ್ನನ್ನೇ ಸುತ್ತಿ ಸುತ್ತಿ ಮೋಟನ್ನು ನೆಕ್ಕುತ್ತಿದ್ದ. ತುರಿಕೆ ತಡೆಯಲಾರದೆ ಗೋಡೆಗೆ, ಕಂಬಕ್ಕೆ, ಕೊನೆಗೆ ತಂತಿಯ ಮೇಲಿನ ಬಿಳಿ ದುಪ್ಪಟ್ಟಾಕ್ಕೇ ಹಿಂಭಾಗ ಉಜ್ಜುತ್ತಿದ್ದ. ಹೀಗೆ ದಾದಿಯ ಒಗೆತ ಒಂದೂ ಕಡಿಮೆಯಾಗಲಿಲ್ಲ. ದಾದಿ ಬೈಯುವುದನ್ನು ಮಾತ್ರ ನಿಲ್ಲಿಸಿದರು. ಬೀದಿಯಲ್ಲಿ ಇನ್ನೂ ಕಷ್ಟ. ಬಾಲವಿದ್ದಾಗ ದೊಡ್ಡ ನಾಯಿಗಳು ಎದುರಾದರೆ ಅವನು ಅದನ್ನು ಹೊಟ್ಟೆಯಡಿಗೆ ಸೇರಿಸಿ ಕುಗ್ಗುತ್ತಿದ್ದ, ಅವು ಮೂಸಿ ಬಿಟ್ಟುಬಿಡುತ್ತಿದ್ದವು. ಈಗ ಎಷ್ಟು ಕುಗ್ಗಿದರೂ ಅವುಗಳಿಗೆ ಅವನು ಶರಣಾದದ್ದು ತಿಳಿಯುತ್ತಿರಲಿಲ್ಲ. ಮೈಸೆಟೆದು ನಿಂತು, ಗುರ್ರೆಂದು, ಮೇಲೆ ಬೀಳುತ್ತಿದ್ದವು. ಎರಡು ಮೂರು ಸಲ ಕಚ್ಚಿಸಿಕೊಂಡ ಮೇಲೆ ಅವನು ಮೊದಲೇ ಕಚ್ಚುವುದನ್ನು ಕಲಿತ. ಓಲ್ಡ್ ಟೌನಿನಲ್ಲಿ ‘ಸೈಕಲ್ ಸಾಬ್ರ ಮೋಟು ನಾಯಿ’ ಎಂದರೆ ಜನ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಬೆಲ್ಲುಗಳು ಕಾಣೆಯಾಗುವುದು ನಿಂತಿತು. ‘ಹೇಳಿರಲಿಲ್ವಾ, ಧೈರ್ಯ ಬರುತ್ತೆ ಅಂತ’ ಎನ್ನುತ್ತಿದ್ದರು ಅಬ್ಬಾ, ಯಾರೂ ಕೇಳದಿದ್ದಾಗಲೂ.

ನನಗೆ ಅವನು ಏನೂ ಮಾಡುತ್ತಿರಲಿಲ್ಲ. ಅಷ್ಟರಿಂದಲೇ ನಾನೊಂದು ದೊಡ್ಡ ಕತೆ ಕಟ್ಟಿಕೊಂಡೆ: ಅವನ ಭಾಷೆ ನನಗೊಬ್ಬಳಿಗೇ ಬರುತ್ತದೆ. ಗಿರಾಕಿಗಳು ಮೆಟ್ಟಿಲ ಮೇಲೆ ಕಾಲಿಡಲು ಅಳುಕಿದರೆ ಒಳಗಿನಿಂದ ಓಡಿಬಂದು ‘ಬನ್ನಿ, ಈಗ ಖುಷಿಯಾಗಿದ್ದಾನೆ’ ಎಂದೋ ‘ಸ್ವಲ್ಪ ನಿಲ್ಲಿ, ಸಿಟ್ಟು ಬಂದಿದೆ’ ಎಂದೋ ಹೇಳುತ್ತಿದ್ದೆ. ಮೋಟು ಅಲ್ಲಾಡಿದರೆ ಖುಷಿ, ನಿಂತರೆ ಸಿಟ್ಟು. ನನ್ನ ನಿಘಂಟಿನಲ್ಲಿ ಎರಡೇ ಪದ. ದೊಡ್ಡವರು ನನ್ನ ಮಾತು ಕೇಳಿ ಕಾಲೆತ್ತಿಡುವುದು, ಕಾಲು ಹಿಂದಕ್ಕೆ ತೆಗೆಯುವುದು. ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಅದೊಂದೇ ಕಡೆ.

ನಮ್ಮ ಬೀದಿಯ ತುದಿಯಲ್ಲಿ ಸೆಲ್ವಿಯ ಮನೆ. ನನಗಿಂತ ಒಂದು ವರ್ಷ ಚಿಕ್ಕವಳು, ಅವಳ ಅಪ್ಪ ಆರುಮುಗಂ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವರದು ತಮಿಳು, ನಮ್ಮದು ದಖನಿ, ನಾವಿಬ್ಬರೂ ಆಡುತ್ತಿದ್ದುದು ಕನ್ನಡ. ಒಂದು ಮಧ್ಯಾಹ್ನ ಅಬ್ಬಾ ಒಳಗೆ ಊಟಕ್ಕೆ ಕೂತಿದ್ದರು. ಕ್ಯಾಪ್ಟನ್ ಅಂಗಡಿಯ ಬೆಂಚಿನ ಕೆಳಗೆ, ಗೋಡೆಗೆ ಒತ್ತಿಕೊಂಡು ನಿಂತಿದ್ದ. ಸೆಲ್ವಿ ಬಂದಳು, ಬಗ್ಗಿ ನೋಡಿದಳು. ಅವನ ಮೋಟು ಸಣ್ಣಗೆ, ಬಲು ಬೇಗ ನಡುಗತೊಡಗಿತು.

“ನೋಡು, ಬಾಲ ಅಲ್ಲಾಡಿಸ್ತಿದ್ದಾನೆ. ನಿನ್ನ ನೋಡಿ ಖುಷಿಯಾಗಿದೆ. ಮುಟ್ಟು.”

“ಬೇಡಪ್ಪಾ. ಕಚ್ಚಿದ್ರೆ?”

“ನಾನು ಹೇಳ್ತಿದ್ದೀನಲ್ಲ. ಬಾಲಾನೇ ಮುಟ್ಟು. ಏನೂ ಮಾಡಲ್ಲ.”

ಅವಳು ಮುಟ್ಟಿದಳು. ಅವನು ಮುಂಗೈ ಕಚ್ಚಿ, ತಕ್ಷಣ ಬಿಟ್ಟು, ಮೂಲೆಗೆ ಸರಿದು ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಸೆಲ್ವಿ ಕೂಗುವ ಮೊದಲು ನಾನು ಹೇಳಿದ ಮಾತು ಇದು, ಇದನ್ನು ಬೇರೆ ಯಾವ ರೀತಿಯಲ್ಲಿ ಬರೆಯಲೂ ಆಗಿಲ್ಲ:

“ಮುಟ್ಟಿದೆ ಅಂತ ಹೇಳಬೇಡ. ಇಬ್ಬರಿಗೂ ಹೊಡೀತಾರೆ.”

ಬೀದಿ ತುಂಬಿತು. ನಾಯಿಗೆ ಹುಚ್ಚು ಹಿಡಿದಿದೆ, ತಲೆಗೊಂದು ಕೊಟ್ಟು ಮುಗಿಸಿ ಸಾಬ್ರೇ ಎಂದು ಒಬ್ಬರಲ್ಲದಿದ್ದರೆ ಇನ್ನೊಬ್ಬರು. ಸೆಲ್ವಿಯನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಕೇಳಿದ್ದನ್ನು ಅವಳ ಅಮ್ಮ ಸಂಜೆ ನಮ್ಮ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದಳು. ಮಗು ನಾಯಿಯನ್ನು ಕೆಣಕಿತ್ತಾ, ನೋಯಿಸಿತ್ತಾ? ಹಾಗಿದ್ದರೆ ಕಾದು ನೋಡಬಹುದು. ಸುಮ್ಮಸುಮ್ಮನೆ ಕಚ್ಚಿದ್ದರೆ ಕಾಯುವ ಹಾಗಿಲ್ಲ. ದಿನಕ್ಕೊಂದು ಸೂಜಿ, ಹೊಟ್ಟೆಗೆ, ಹದಿನಾಲ್ಕು. ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಿ. ಬದುಕಿ ಚೆನ್ನಾಗಿದ್ದರೆ ಸೂಜಿ ನಿಲ್ಲಿಸೋಣ.

“ಸುಮ್ನೆ ನಿಂತಿದ್ದೆ ಅಂತಾಳೆ ಮಗು. ಸುಮ್ನೆ ನಿಂತೋಳ್ನ ಕಚ್ಚಿದೆ ನಿಮ್ಮ ನಾಯಿ,” ಅಂದಳು ಸೆಲ್ವಿಯ ಅಮ್ಮ. ನಾನು ಅವಳ ಎದುರಿಗೇ ಇದ್ದೆ.

ಕ್ಯಾಪ್ಟನ್‌ನನ್ನು ಹಿತ್ತಿಲಿನ ಕಂಬಕ್ಕೆ ಸರಪಳಿಯಿಂದ ಕಟ್ಟಿದರು. ಹುಚ್ಚು ಹಿಡಿದ ನಾಯಿ ನೀರು ಮುಟ್ಟುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ದಾದಿ ಬೆಳಿಗ್ಗೆಯ ನಮಾಜ್ ಮುಗಿಸಿ ಒಂದು ಮಡಕೆಚೂರಿನಲ್ಲಿ ನೀರು ತುಂಬಿ, ಪೊರಕೆಯ ಹಿಡಿಯಿಂದ ಅದನ್ನು ದೂರದಿಂದ ತಳ್ಳುತ್ತಿದ್ದರು. ‘ಕುಡಿ ಕಪ್ತಾನ್, ಕುಡಿ.’ ಅಲ್ಲಿಯವರೆಗೆ ಅವರ ಬಾಯಲ್ಲಿ ಅವನ ಹೆಸರು ಬಂದಿರಲಿಲ್ಲ. ಅವನು ನೀರು ನೆಕ್ಕುವ ಸದ್ದು ಕೇಳಿದ ಮೇಲೆ ಅಂಗಡಿಯ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ‘ಕುಡೀತು’ ಎನ್ನುತ್ತಿದ್ದರು. ಸೆಲ್ವಿಯೂ ಅವಳ ಅಮ್ಮನೂ ಅದನ್ನು ಕೇಳಿಕೊಂಡೇ ಬಸ್ಸಿಗೆ ಹೋಗುತ್ತಿದ್ದರು. ಎರಡನೆಯ ದಿನದಿಂದ ಸೆಲ್ವಿ ಮುದುಕಿಯಂತೆ ಬಗ್ಗಿ ನಡೆಯತೊಡಗಿದಳು. ಹೊಡೆತಕ್ಕೆ ಹೆದರಿ ಬಾಯಿ ಬಿಡಲಿಲ್ಲ ಎಂದು ಬರೆದರೆ ಸುಲಭ, ಓದುವವರೂ ಕ್ಷಮಿಸುತ್ತಾರೆ. ಆದರೆ ನನ್ನ ಮನೆಯಲ್ಲಿ ನನ್ನನ್ನು ಯಾರೂ ಹೆಚ್ಚು ಹೊಡೆಯುತ್ತಿರಲಿಲ್ಲ. ಮುಟ್ಟು ಎಂದು ಹೇಳಿದ್ದನ್ನು ಒಪ್ಪಿಕೊಂಡರೆ, ಆ ನಾಯಿ ಏನು ಹೇಳುತ್ತಿದೆ ಎಂದು ನನಗೆ ಯಾವತ್ತೂ ಗೊತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕಿತ್ತು. ಅದಕ್ಕಿಂತ ಸೆಲ್ವಿಯ ಹೊಟ್ಟೆ ನನಗೆ ಅಗ್ಗವಾಗಿ ಕಂಡಿತು. ಊಟ ಸೇರುತ್ತಿರಲಿಲ್ಲ, ಒಂದು ಕಡೆ ಕೂರಲಾಗುತ್ತಿರಲಿಲ್ಲ, ಅಂಗಡಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಂಗಡಿಗೆ. ‘ಇವಳಿಗೂ ನೀರು ಇಟ್ಟು ನೋಡಿ’ ಎಂದು ಆಪಾ ಚುಡಾಯಿಸಿದಳು.

ನಾನು ಬಾಯಿ ಬಿಟ್ಟದ್ದು ಮೂರನೆಯ ದಿನ ಎಂದು ಬಹಳ ವರ್ಷ ನಂಬಿದ್ದೆ. ಆದರೆ ಆವತ್ತು ಸೆಲ್ವಿಯ ಹೊಟ್ಟೆಯ ಮೇಲೆ ಸೂಜಿ ಚುಚ್ಚಿದ ಆರು ಗಂಟುಗಳಿದ್ದವು. ಗಂಟುಗಳನ್ನೇ ನಂಬುತ್ತೇನೆ. ಬೆಳಿಗ್ಗೆ ಅವರ ಹಿಂದೆಯೇ ಬಸ್ಸು ನಿಲ್ಲುವ ಕಡೆಗೆ ಓಡಿದೆ. ಬಸ್ಸು ಬಂದೇಬಿಟ್ಟಿತ್ತು, ಕಂಡಕ್ಟರ್ ಶಿವಮೊಗ್ಗ ಶಿವಮೊಗ್ಗ ಎಂದು ಕೂಗುತ್ತಿದ್ದ.

“ನಾನೇ ಮುಟ್ಟು ಅಂದಿದ್ದು,” ಎಂದೆ.

“ಏನು ಪಾಪಾ?” ಸೆಲ್ವಿಯ ಅಮ್ಮ ತಿರುಗಿದಳು.

“ನಾಯಿ ಬಾಲ. ಅಲ್ಲಿ ಅದಕ್ಕೆ ನೋವಿದೆ. ನಾನು ಮುಟ್ಟು ಅಂದೆ, ಇವಳು ಮುಟ್ಟಿದಳು. ಅದಕ್ಕೇ ಕಚ್ಚಿತು. ಸುಮ್ಮನೆ ಕಚ್ಚಲಿಲ್ಲ.”

ಅವಳು ಮಗಳನ್ನು ನೋಡಿ “ನಿಜಾನಾಡೀ?” ಎಂದಳು. ಸೆಲ್ವಿ ಮೊದಲು ನನ್ನ ಕಡೆ ನೋಡಿದಳು, ಹೇಳಲಾ ಎಂದು ಕೇಳುವಂತೆ. ನಾನು ತಲೆಯಾಡಿಸಿದ ಮೇಲೆ ಅವಳೂ ಆಡಿಸಿದಳು. ಅವಳ ಅಮ್ಮ ಹೊಡೆಯಲಿಲ್ಲ. ಬೀದಿಯಲ್ಲೇ, ಬಸ್ಸಿನ ಕಿಟಕಿಗಳ ಎದುರಿಗೇ, ಮಗಳ ರವಿಕೆ ಎತ್ತಿ ಹೊಟ್ಟೆ ತೋರಿಸಿದಳು.

“ನೋಡು. ಚೆನ್ನಾಗಿ ನೋಡು.”

“ಬರ್ತೀಯೋ ಇಲ್ವೋ ಮಾರಾಯ್ತಿ?” ಎಂದ ಕಂಡಕ್ಟರ್.

ಅವರು ಹತ್ತಿದರು. ಡಾಕ್ಟರು ಅವತ್ತು ಸೂಜಿ ಹಾಕದೆ ಕಳಿಸಿದರು. ಉಳಿದ ನಾಲ್ಕು ದಿನ ನಾಯಿ ಸರಿಯಾಗಿದ್ದರೆ ಏನೂ ಬೇಡ. ಏನಾದರೂ ಕಂಡರೆ ಆ ಕ್ಷಣವೇ ಓಡಿ ಬನ್ನಿ ಅಂದರಂತೆ. ಸೆಲ್ವಿಯ ಜೀವ ಮತ್ತೆ ನನ್ನ ಮಾತಿನ ಮೇಲೆ ನಿಂತಿತು. ಈ ಸಲವೂ ನಾನು ತಪ್ಪಾಗಿ ಓದಿದ್ದರೆ? ನಿಜವಾಗಿಯೂ ಹುಚ್ಚು ಹಿಡಿದಿದ್ದರೆ? ಸಂಜೆ ಆರುಮುಗಂ ಶಿಫ್ಟ್ ಮುಗಿಸಿ ನೇರ ನಮ್ಮ ಹಿತ್ತಿಲಿಗೆ ಬಂದ. ಅವನ ಬಲಗೈಯಲ್ಲಿ ಮೂರೇ ಬೆರಳು, ಉಳಿದೆರಡು ಯಂತ್ರಕ್ಕೆ ಹೋಗಿದ್ದವು. ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಟ್ಟದೆ, ಬಹಳ ಹೊತ್ತು ನೋ‍ಡಿದ.

“ಎಲ್ಲಿ ಕೊಯ್ದಿದ್ದು ಭಾಯ್? ಅಲ್ಲೇನಾ?” ಎಂದ. ಆಮೇಲೆ, “ನಂದೂ ಹಂಗೇ. ಇಲ್ಲದೇ ಇರೋ ಬೆರಳು ಉರಿಯುತ್ತೆ. ನನ್ನ ಹೆಂಡತಿ ಕೈ ತಾಗಿದ್ರೂ ಬೈದುಬಿಡ್ತೀನಿ. ನನಗಾದ್ರೆ ಬೈಯೋಕೆ ಬಾಯಿದೆ.”

ಆಪಾ ಪ್ರಕಾರ ಅವನು ಈ ಮಾತು ಹೇಳಿದ್ದು ಯಾವತ್ತೋ, ಪಂಕ್ಚರ್ ಹಾಕಿಸಲು ಬಂದಾಗ. ಇರಬಹುದು. ಅಂದು ಸಂಜೆ ನಿಶ್ಚಯವಾಗಿ ಕೇಳಿದ ಮಾತು ದಾದಿಯದು. ಅಬ್ಬಾ ನನ್ನ ಕಡೆ ತಿರುಗಿ ‘ನಿನಗೆ ಡಾಕ್ಟರ್ ಹೇಳಿರಲಿಲ್ವಾ’ ಎಂದು ಗದರಿದಾಗ ದಾದಿ ನಡುವೆ ಬಂದರು.

“ಅವಳನ್ನ ಬಿಡು. ಮುಟ್ಟು ಅಂದವಳು ಅವಳು. ಕಟ್ಟು ಅಂದವಳು ನಾನು.”

ಅಬ್ಬಾ ಅಂಗಡಿಗೆ ಹೋಗಿ, ರಿಪೇರಿಯೇ ಬೇಕಿಲ್ಲದ ಒಂದು ಚಕ್ರವನ್ನು ತಿರುಗಿಸುತ್ತ ಕೂತರು.

ನಾಲ್ಕು ಬೆಳಿಗ್ಗೆ ನಾನು ದಾದಿಗಿಂತ ಮೊದಲು ಎದ್ದೆ. ನಾಲ್ಕೂ ದಿನ ಅವನು ನೀರು ಕುಡಿದ. ಹತ್ತು ದಿನ ಮುಗಿದ ಮಾರನೆಯ ದಿನ ಅಬ್ಬಾ ಸರಪಳಿ ಬಿಚ್ಚಿದರು. ಕ್ಯಾಪ್ಟನ್ ವಾಲಿಕೊಂಡು ನಡೆದು ಅಂಗಡಿಯ ಬೆಂಚಿನ ಕೆಳಗೆ ಸೇರಿಕೊಂಡ. ಸ್ವಲ್ಪ ಹೊತ್ತಿಗೆ ಸೆಲ್ವಿ ಬಂದು ರಸ್ತೆಯಲ್ಲೇ ನಿಂತಳು. ಅವಳನ್ನು ಕಂಡು ಬೆಂಚಿನ ಕೆಳಗಿನ ಮೋಟು ಅಲ್ಲಾಡಿತು.

“ಈಗ ಏನಂತೆ ಅದು?” ಸೆಲ್ವಿ ಕೇಳಿದಳು.

ನಾನು ಮೋಟನ್ನು ಬಿಟ್ಟು ಬೇರೆಲ್ಲವನ್ನೂ ನೋಡಿದೆ: ಕಿವಿ ಹಿಂದಕ್ಕೆ ಹೋಗಿದ್ದವು, ಬಾಯಿ ಮುಚ್ಚಿತ್ತು, ಒಂದು ಮುಂಗಾಲು ನೆಲದಿಂದ ಒಂದಿಷ್ಟೇ ಎದ್ದಿತ್ತು.

“ಗೊತ್ತಿಲ್ಲ,” ಎಂದೆ.

ಸೆಲ್ವಿ ಎರಡೂ ಕೈಗಳನ್ನು ಲಂಗದೊಳಗೆ ಸುತ್ತಿಕೊಂಡು ಮೆಟ್ಟಿಲ ತುದಿಯಲ್ಲಿ, ನನ್ನಿಂದಲೂ ನಾಯಿಯಿಂದಲೂ ದೂರ, ಕೂತಳು. ನಾನು ಅವಳ ಹತ್ತಿರಕ್ಕೆ ಸರಿಯಲಿಲ್ಲ. ಯಾರೂ ಮುಟ್ಟದಿರುವುದನ್ನು ನೋಡಿ ನೋಡಿ, ಕೊನೆಗೆ ಕ್ಯಾಪ್ಟನ್ ಎತ್ತಿದ್ದ ಕಾಲನ್ನು ನೆಲಕ್ಕೆ ಇಟ್ಟ.